ನಮ್ಮೂರಿನ ಹುಡುಗರು ಕಾಡುಹಂದಿ ಹೊಡೆದು ಮಾರೋದನ್ನು ನಿಲ್ಲಿಸೋದು ಹೇಗೆ?

ವಾರಕ್ಕೊಂದು ಹಂದಿ ಹೊಡೆದು ಮೈಸೂರಿನವರಿಗೆ ಮಾರುತ್ತಾರೆ, ಪಾಪ ಹೊಟ್ಟೆಪಾಡು, ಅವರಿಗೆ ಅರಿವು ಮೂಡಿಸೋದು ಹೇಗೆ ಅಂತ ಕೇಳಿದ್ದೀರಿ. ಆ ಮೈಸೂರಿನವನು ನಾನೇ. ಅಂದರೆ, ಅಂಥವನೇ. ಹೆಸರು ಹಾಕದೆ ಯಾಕೆ ಬರೆಯುತ್ತಿದ್ದೇನೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತೆ.

ಊರು ಹುಣಸೂರು ಕಡೆ, ನಾಗರಹೊಳೆ ಅಂಚಿಗೆ. ಕೆಲಸ ಮೈಸೂರಿನ ಹೆಬ್ಬಾಳದಲ್ಲಿ, ಒಂದು ಫ್ಯಾಕ್ಟರಿಯಲ್ಲಿ. ಅಲ್ಲಿ ಎಲ್ಲರಿಗೂ ನಾನು 'ಕಾಡಿನ ಕಡೆಯವನು'. ಟೀ ಕುಡಿಯುವಾಗಲೆಲ್ಲ ಒಂದೇ ಮಾತು: "ಏನ್ ಗುರು, ಹೊಸತೊಡಕಿಗೆ ಹಂದಿ ಬಾಡು ಕೊಡಿಸಲ್ವಾ?" ಒಂದು ವರ್ಷ ಯುಗಾದಿಗೆ ಇಪ್ಪತ್ತು ದಿನ ಇದ್ದಾಗ 6 ಜನ ತಲಾ 1,000 ರೂಪಾಯಿ ಹಾಕಿದರು. ನನಗೆ ಅದರಲ್ಲಿ ಒಂದು ಪೈಸೆ ಲಾಭ ಇರಲಿಲ್ಲ. ದೊಡ್ಡಸ್ತಿಕೆ, ಅಷ್ಟೇ. ಊರಿಗೆ ಹೋಗಿ ನಮ್ಮ ಬೀದಿಯ ಒಬ್ಬ ಹುಡುಗನ ಕೈಗೆ 3,000 ಅಡ್ವಾನ್ಸ್ ಇಟ್ಟೆ.

ಈ ಅಡ್ವಾನ್ಸ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಲ್ಲಿವರೆಗೆ ಆ ಹುಡುಗ ಉರುಳು ಹಾಕುತ್ತಿದ್ದದ್ದು ತನ್ನ ಜೋಳದ ಹೊಲದ ಬೇಲಿಗೆ ಮಾತ್ರ. ಹಳೇ ಬೈಕಿನ ಕ್ಲಚ್ ವೈರ್, ಒಂದೋ ಎರಡೋ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಬಿದ್ದದ್ದನ್ನು ಬೀದಿಯವರು ಗುಡ್ಡೆ ಹಾಕಿ ಹಂಚಿಕೊಳ್ಳೋರು. ಅದೂ ಅಪರಾಧವೇ, ಸಮರ್ಥಿಸುತ್ತಿಲ್ಲ. ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ, ಹುಲಿ ಬಿದ್ದು ಸತ್ತಿರೋದೂ ಉಂಟು. ಆದರೆ ಅವನ ಬೇಟೆಗೆ ಒಂದು ಅಳತೆ ಇತ್ತು. ನನ್ನ 3,000 ಆ ಅಳತೆಯನ್ನೇ ಕೆಡಿಸಿತು.

ಆ ದುಡ್ಡನ್ನು ಅವನು ಅವತ್ತು ಸಂಜೆಯೇ ಹೊಗೆಸೊಪ್ಪು ಹದ ಮಾಡೋ ಬ್ಯಾರನ್‌ ಮನೆಗೆ ತಂದಿದ್ದ ಸೌದೆಯ ಬಾಕಿಗೆ ಕೊಟ್ಟುಬಿಟ್ಟ. ಅಲ್ಲಿಗೆ ಅದು ಸಾಲ ಆಯಿತು, ತೀರಿಸೋಕೆ ಹಂದಿ ಬೀಳಲೇಬೇಕಾಯಿತು, ಅದೂ ಇಂಥ ತಾರೀಖಿನ ಒಳಗೆ. ಸಿಕ್ಕಿದರೆ ತಗೊಂಡು ಬಾ ಅಂದಿದ್ದರೆ ಅವನು ಬೇಲಿ ದಾಟುತ್ತಿರಲಿಲ್ಲ. ನಾನು ಎರಡು ಸಲ ಫೋನ್ ಮಾಡಿ ನೆನಪಿಸಿದೆ ಬೇರೆ. ಎರಡನೇ ಸಲ "ಆಗಲ್ಲ ಅಂದ್ರೆ ದುಡ್ಡು ವಾಪಸ್ ಕೊಡು" ಅಂದೆ. ಎಲ್ಲಿಂದ ಕೊಡುತ್ತಾನೆ? ಕಾಡಿನಂಚಿಗೆ ಹೋಗಿ ಹನ್ನೆರಡು ಉರುಳು ಕಟ್ಟಿದ. ಏನೂ ಬೀಳಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಯಾರಿಂದಲೋ ಸಿಡಿಮದ್ದಿನ ಉಂಡೆ ತಂದು ಕೆರೆ ಏರಿಯ ಹಿಂದೆ ಇಟ್ಟ.

ಬೆಳಗ್ಗೆ ಮೇಯೋಕೆ ಹೋದ ನಮ್ಮ ದೊಡ್ಡಮ್ಮನ ಸೀಮೆಹಸು ಅದನ್ನು ಕಚ್ಚಿತು.

ದವಡೆ ಏನಾಗಿತ್ತು ಅಂತ ಬರೆಯಲ್ಲ. ಮೂರು ದಿನ ಬದುಕಿತ್ತು. ಕಲಗಚ್ಚು ಮುಂದಿಟ್ಟರೆ ಮೂಸಿ ನೋಡುತ್ತಿತ್ತು, ಕುಡಿಯೋಕೆ ಆಗುತ್ತಿರಲಿಲ್ಲ. ದನದ ಡಾಕ್ಟರ್ ಬಂದು ನೋಡಿ ಸುಮ್ನೆ ನಿಂತರು. ಕರುವಿಗೆ ಆಗ ಎರಡು ತಿಂಗಳು. ದೊಡ್ಡಮ್ಮನ ಜೀವನ ನಡೆಯುತ್ತಿದ್ದದ್ದೇ ಡೇರಿಗೆ ಹಾಕುವ ಹಾಲಿನಿಂದ.

ಇಟ್ಟವನು ಯಾರು ಅಂತ ಇಡೀ ಊರಿಗೆ ಗೊತ್ತಾಯಿತು. ಯಾರಿಗೋಸ್ಕರ ಇಟ್ಟ ಅಂತ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಪಂಚಾಯ್ತಿ ಕೂತಾಗ ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಅಲ್ಲೇ ಕೂತಿದ್ದೆ. ದಂಡ ಅವನ ಮೇಲೆ ಬಿತ್ತು. ಆಮೇಲೆ ಆ ದುಡ್ಡನ್ನು ಕದ್ದುಮುಚ್ಚಿ ನಾನೇ ಕೊಟ್ಟೆ. ದೊಡ್ಡಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. "ಎಂಥಾ ಜನ ಇರ್ತಾರೆ ನೋಡಪ್ಪ" ಅಂತ ನನ್ನ ಹತ್ತಿರವೇ ಹೇಳುತ್ತಾರೆ.

ಈಗ ನಿಮ್ಮ ಅರಿವಿನ ವಿಷಯ. ಅದನ್ನು ಬಿಡಿ. ಆ ಹುಡುಗರಿಗೆ ನಮ್ಮಿಬ್ಬರಿಗಿಂತ ಜಾಸ್ತಿ ಅರಿವಿದೆ. ಜಿಂಕೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕೋದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟೆಪಾಡು ಅನ್ನೋದೂ ಅರ್ಧ ಸುಳ್ಳು. ಹಸಿದವರಿಗೆ ಫಾರಂ ಕೋಳಿ ಅಗ್ಗ. ಹಂದಿ ಬೇಕು ಅಂತ ಬರೋರು ಶನಿವಾರ ಸಂಜೆ ಕಾರಲ್ಲಿ ಬರುತ್ತಾರೆ. ನಾಗರಹೊಳೆಯಲ್ಲಿ ವರ್ಷಗಟ್ಟಲೆ ಹುಲಿ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಒಂದು ಲೆಕ್ಕ ಇದೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು, ಆ 50 ಸಿಗೋಕೆ ಕಾಡಲ್ಲಿ ಸುಮಾರು 500 ಇರಬೇಕು. ನಿಮ್ಮೂರಲ್ಲಿ ವಾರಕ್ಕೊಂದು ಅಂದಿರಲ್ಲ, ವರ್ಷಕ್ಕೆ 52. ಒಂದು ಹುಲಿಯ ಊಟ ಅಲ್ಲೇ ಖಾಲಿ.

ಹಾಗಾಗಿ ಕೊಳ್ಳೋರ ಹಿಂದೆ ಬೀಳಿ. ಅವರಲ್ಲಿ ನಿಮ್ಮ ನೆಂಟರೇ ಇರುತ್ತಾರೆ, ಹುಡುಕಿ ನೋಡಿ. ಅವರ ಮುಂದೆ ಕಾಡು, ಪರಿಸರ ಅನ್ನಬೇಡಿ, ನಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೊಡೆದವನು ಮಾತ್ರ ಅಲ್ಲ, ಬಾಡು ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾನೆ. ತನ್ನದು ತಪ್ಪಿಲ್ಲ ಅಂತ ಸಾಬೀತು ಮಾಡೋದು ಅವನದೇ ತಲೆನೋವು. ಸಾಗಿಸಿದ ಗಾಡಿಯನ್ನೂ ಜಪ್ತಿ ಮಾಡುತ್ತಾರೆ, ಅಪರಾಧಕ್ಕೆ ಬಳಸಿದ್ದು ಅಂತ ಕೋರ್ಟಲ್ಲಿ ಸಾಬೀತಾದರೆ ಅದು ಸರ್ಕಾರದ ಸ್ವತ್ತು. ಕಾರು ಹೋಗುತ್ತೆ ಅಂದು ನೋಡಿ, ಮುಖ ಹೇಗಾಗುತ್ತೆ.

ಹಂದಿ ಬೆಳೆ ಹಾಳು ಮಾಡುತ್ತೆ ಅಲ್ವಾ ಅಂತಾರೆ. ಮಾಡುತ್ತೆ. ನಮ್ಮ ಗೆಣಸೂ ಹೋಗಿದೆ. ಫೋಟೊ, ಪಹಣಿ ಹಿಡಿದುಕೊಂಡು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿಸಿ, ಓದು ಬರಹ ಬಾರದವರ ಜೊತೆ ನೀವೇ ಹೋಗಿ. ದುಡ್ಡು ಕಡಿಮೆ, ಓಡಾಟ ಜಾಸ್ತಿ, ಒಪ್ಪುತ್ತೇನೆ. ಕೇರಳದಲ್ಲಿ 2022ರಲ್ಲಿ ಬೆಳೆ ತಿನ್ನುವ ಹಂದಿ ಹೊಡೆಸೋ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟರು. ಆದರೆ ಹೊಡೆದ ಹಂದಿಯನ್ನು ಹೂಳಬೇಕು, ಬಾಡು ಮಾರೋ ಹಾಗಿಲ್ಲ ಅಂತಲೂ ಹೇಳಿದರು. ಯಾಕೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಿಡಿಮದ್ದು ಇಡುತ್ತಾರೆ ಅಂತ ಗೊತ್ತಾದರೆ ಮಾತ್ರ ಮಾತುಕತೆ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವತ್ತೇ. ದನ ಕಾಯೋ ಮಕ್ಕಳೂ ಅದೇ ದಾರಿಯಲ್ಲಿ ಓಡಾಡುತ್ತಾರೆ.

ಹೋದ ಯುಗಾದಿಗೂ ಫ್ಯಾಕ್ಟರಿಯವರು ಕೇಳಿದರು. ನಾಟಿ ಕೋಳಿ ಸಾರು, ಮುದ್ದೆ, ಬರೋದಾದರೆ ಬನ್ನಿ ಅಂದೆ. 6 ಜನರಲ್ಲಿ ಇಬ್ಬರು ಬಂದರು. ಬಡಿಸಿದ್ದು ದೊಡ್ಡಮ್ಮ.