ಬೆಟ್ಟ ಕಣ್ಣಿಗೆ ದೊಡ್ಡದು, ಫೋಟೊದಲ್ಲಿ ಸಣ್ಣದು ಯಾಕೆ?

ಕಾಡು, ಬೆಟ್ಟ, ಹೊಳೆ ಅಂತ ಸುತ್ತಾಡುತ್ತಾ ಫೋಟೊ ತೆಗೆಯುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಪ್ರವಾಸ ಹೋದಾಗ ಬೆಟ್ಟದ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತೆ. ಅದನ್ನೇ ಫೋಟೊ ತೆಗೆದು ನೋಡಿದರೆ ಸಪ್ಪೆ. ಅಷ್ಟು ಎತ್ತರದ ಬೆಟ್ಟ ಯಾವುದೋ ಸಣ್ಣ ದಿಬ್ಬದ ಥರ ಕಾಣುತ್ತೆ. ಒಳ್ಳೆ ಕ್ಯಾಮೆರಾ ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28 ಎಂಎಂ ಲೆನ್ಸಿಗೆ ಸಮ (ಎಂಎಂ ಕಡಿಮೆಯಾದಷ್ಟೂ ನೋಟ ಅಗಲ). ಅಷ್ಟು ಅಗಲದ ನೋಟದಲ್ಲಿ ಕಾಲ ಬುಡದ ಹುಲ್ಲು, ಕಲ್ಲು ದೊಡ್ಡದಾಗಿ ಬರುತ್ತವೆ, ದೂರದ್ದೆಲ್ಲ ಕುಗ್ಗಿ ಹಿಂದೆ ಸರಿಯುತ್ತದೆ. ಎದುರಿಗೆ ನಿಂತಾಗ ನಿಮ್ಮ ಗಮನ ಪೂರ್ತಿ ಶಿಖರದ ಮೇಲಿತ್ತು. ಲೆನ್ಸಿಗೆ ಆ ಭೇದ ಗೊತ್ತಿಲ್ಲ. ಜೂಮ್ ಲೆನ್ಸ್ ಇದ್ದರೆ 70 ಎಂಎಂ ದಾಟಿ ನೋಡಿ, ಫೋನಾದರೆ 3ಎಕ್ಸ್ ಒತ್ತಿ. ಬೆಟ್ಟದ ಹತ್ತಿರವೇ ಒಂದು ಮರವೋ ನಡೆದು ಹೋಗುವ ಮನುಷ್ಯರೋ ಚಿತ್ರದೊಳಗೆ ಬಂದರೆ ಅದರ ಎತ್ತರ ತಾನಾಗೇ ತಿಳಿಯುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಲ್ಲಿ ನಿಮ್ಮನ್ನು ನಿಲ್ಲಿಸಿದ್ದು ಏನು? ಬಾಯಿಬಿಟ್ಟು ಹೇಳಿಕೊಳ್ಳಿ. 'ಬೆಟ್ಟ ಚೆನ್ನಾಗಿದೆ' ಅಂದರೆ ಸಾಲದು. 'ಮೋಡದ ನೆರಳು ಬೆಟ್ಟದ ಮೈಮೇಲೆ ಸರಿದು ಹೋಗ್ತಾ ಇದೆ' ಅಂದಿರಾ, ಆಗ ಚಿತ್ರ ಅರ್ಧ ಆದ ಹಾಗೆ. ಆಕಾಶ ಬೇಡ, ಮುಂದಿನ ರಸ್ತೆ ಬೇಡ, ನೆರಳು ಮತ್ತು ಅದು ಹಾಯುವ ಇಳಿಜಾರು ಸಾಕು. ನೆರಳು ಸರಿಯಾದ ಜಾಗಕ್ಕೆ ಬರೋವರೆಗೂ ಕಾಯಬೇಕು, ಅಷ್ಟೇ.

ನಿಸರ್ಗದ ಫೋಟೊಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್‌ನಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಮೇಲೆ, ಹಾಫ್ ಡೋಮ್ ಅನ್ನುವ ದೈತ್ಯ ಬಂಡೆಯ ಎದುರು ಕ್ಯಾಮೆರಾ ಇಟ್ಟಿದ್ದರು. ಫಿಲ್ಮಿನ ಹಾಗೆ ಚಿತ್ರ ಮೂಡಿಸಿಕೊಳ್ಳುವ ಗಾಜಿನ ಪ್ಲೇಟ್ ಉಳಿದಿದ್ದದ್ದು ಎರಡೇ. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಮೇಲೆ, ಇದರಲ್ಲಿ ಬಂಡೆ ಬರುತ್ತೆ, ಆದರೆ ಅದರ ಎದುರು ನಿಂತಾಗ ಆಗುವ ಅನುಭವ ಬರೋದಿಲ್ಲ ಅಂತ ಅವರಿಗೆ ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಕಪ್ಪು-ಬಿಳುಪು ಚಿತ್ರದಲ್ಲಿ ಆಕಾಶ ಕಪ್ಪಾಗಿ, ಬಂಡೆ ಎದೆ ಮೇಲೆ ಬಂದು ನಿಂತಂತೆ ಕಂಡಿತು. ಜಾಗ ಅದೇ, ಕ್ಯಾಮೆರಾ ಅದೇ. ತನಗೆ ಏನು ಬೇಕು ಅನ್ನೋದು ಅವರಿಗೆ ಎರಡನೇ ಸಲಕ್ಕೆ ಸ್ಪಷ್ಟವಾಗಿತ್ತು.

ಪ್ರಶ್ನೆ: ಸೂರ್ಯ ಹುಟ್ಟುವ ಮುಂಚೆ ಏಳಲೇಬೇಕಾ? ಹೋದ ದಿನ ಪೂರ್ತಿ ಮೋಡ ಕವಿದಿದ್ದರೆ ಟ್ರಿಪ್ ವೇಸ್ಟ್ ಅಲ್ವಾ?

ಉತ್ತರ: ಬೆಟ್ಟದ ಸಾಲು, ಬಯಲು, ಮರಳುಗುಡ್ಡ ನೋಡಲು ಹೋಗಿದ್ದರೆ ಹೌದು, ಏಳಿ. ಸೂರ್ಯ ಕೆಳಗಿದ್ದಾಗ ಬೆಳಕು ಜಾಸ್ತಿ ಗಾಳಿ ದಾಟಿ ಬರಬೇಕು, ದಾರಿಯಲ್ಲಿ ನೀಲಿ ಚದುರಿ ಹೋಗಿ ಕೆಂಪು, ಹಳದಿ ಉಳಿಯುತ್ತದೆ. ಬೆಳಕು ಪಕ್ಕದಿಂದ ಬೀಳುವುದರಿಂದ ಒಂದೊಂದು ಏಣು, ಒಂದೊಂದು ಹಳ್ಳ ಎದ್ದು ಕಾಣುತ್ತದೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ಅದೇ ಬೆಟ್ಟ ಚಪ್ಪಟೆ.

ಮೋಡದ ದಿನ ಬಂತು ಅಂತ ಬೇಜಾರು ಮಾಡ್ಕೋಬೇಡಿ. ಕಾಡಿನೊಳಗೆ ಹೋಗೋಕೆ ನನಗಂತೂ ಅದೇ ಇಷ್ಟದ ದಿನ. ಬಿಸಿಲಿದ್ದರೆ ಕಾಡಿನಲ್ಲಿ ಒಂದು ಕಡೆ ಕಣ್ಣು ಕುಕ್ಕುವ ಬಿಳಿ, ಇನ್ನೊಂದು ಕಡೆ ಕತ್ತಲೆ, ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯೋದು ಕಷ್ಟ. ಮೋಡ ಇದ್ದರೆ ಬೆಳಕು ಎಲ್ಲ ಕಡೆ ಮೆತ್ತಗೆ ಬೀಳುತ್ತದೆ. ಮಳೆ ನಿಂತ ಮೇಲೆ ತೊರೆ ಪಕ್ಕದ ಒಂದು ಕಲ್ಲಿನ ಹತ್ತಿರ ಕೂತು ನೋಡಿ. ಒದ್ದೆ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಲೆನ್ಸಿಗೆ ಪೋಲರೈಸರ್ ಅನ್ನುವ, ಹೊಳಪು ತಡೆಯುವ ಫಿಲ್ಟರ್ ಹಾಕಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಹೊಳಪು ಅಳಿಸಿಹೋಗಿ ಒಳಗಿನ ಹಸಿರು ಮೇಲೆ ಬರುತ್ತದೆ, ಪಾಚಿಯ ಎಳೆ ಎಳೆ ಬಿಡಿಬಿಡಿಯಾಗಿ ಕಾಣುತ್ತದೆ, ನೀರಿನ ತಳದ ಬೆಣಚುಕಲ್ಲುಗಳೂ ಕಾಣುತ್ತವೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡೋಕಾಗಲ್ಲ, ಹಾಗಾಗಿ ಒಂದೇ ಒಂದು ಫಿಲ್ಟರ್ ಕೊಳ್ಳೋದಿದ್ದರೆ ಇದನ್ನೇ ಕೊಳ್ಳಿ.

ಹರಿಯುವ ನೀರಿಗೆ ಟ್ರೈಪಾಡ್ ಬೇಕು. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಲೆನ್ಸಿನ ಕಿಂಡಿ ಎಫ್/11, ಷಟರ್ ತೆರೆದಿರುವ ಹೊತ್ತು ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್. ಹತ್ತಿಪ್ಪತ್ತು ಸೆಕೆಂಡ್ ಬಿಟ್ಟು ಹೊಳೆಯನ್ನು ಹೊಗೆ ಮಾಡೋದು ನನಗೆ ಹಿಡಿಸುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ನೀರಿನ ಎಳೆಗಳು ಉಳಿಯುತ್ತವೆ, ಅದು ಯಾವ ಕಲ್ಲಿಗೆ ಬಡಿದು ಎತ್ತ ತಿರುಗಿತು ಅನ್ನೋದು ಗೊತ್ತಾಗುತ್ತದೆ.

ಪ್ರಶ್ನೆ: ನಕ್ಷತ್ರದ ಫೋಟೊ ತೆಗೆದರೆ ಚುಕ್ಕಿ ಬದಲು ಗೀಟು ಬರುತ್ತೆ. ಏನ್ಮಾಡ್ಲಿ?

ಉತ್ತರ: ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಷಟರ್ ಜಾಸ್ತಿ ಹೊತ್ತು ತೆರೆದಿದ್ದರೆ ಗೀಟು ಬಂದೇ ಬರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ (35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ ಇರುವಂಥದ್ದು) ಆದರೆ 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ. 20 ಎಂಎಂಗೆ 25 ಸೆಕೆಂಡ್ ಬಂತು, ಅದಕ್ಕಿಂತ ಸ್ವಲ್ಪ ಕಡಿಮೆಯೇ ಇಡಿ. ಎಫ್/2.8, ಐಎಸ್ಒ 3200ರಿಂದ ಶುರು ಮಾಡಿ. ಅಮಾವಾಸ್ಯೆಯ ಆಸುಪಾಸು ಹೋಗಿ.

ಪ್ರಶ್ನೆ: ಎಲ್ಲಿಗೆ ಹೋದರೂ ಆ ಜಾಗದ ಫೋಟೊ ಸಾವಿರಾರು ಜನ ಆಗಲೇ ತೆಗೆದಿದ್ದಾರೆ. ಅದೇ ವ್ಯೂ ಪಾಯಿಂಟ್, ಅದೇ ಆ್ಯಂಗಲ್. ನಾನು ಹೊಸದಾಗಿ ಏನು ತೆಗೀಲಿ? ಹುಮ್ಮಸ್ಸೇ ಹೋಗಿದೆ.

ಉತ್ತರ: ವ್ಯೂ ಪಾಯಿಂಟಿನ ಫೋಟೊ ತೆಗೆದು ಮುಗಿಸಿ, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಅಲ್ಲಿಂದ ಸ್ವಲ್ಪ ದೂರ ನಡೆದು ಹೋಗಿ ಕೂತುಬಿಡಿ. ಕ್ಯಾಮೆರಾ ಚೀಲದಲ್ಲೇ ಇರಲಿ, ಸುಮ್ನೆ ಕೂತಿರಿ. ಮೊದಮೊದಲು ಬರೀ ಹಸಿರು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಣಗಿದ ಎಲೆಯೊಂದು ಜೇಡನ ಎಳೆಗೆ ಸಿಕ್ಕಿ ಗಾಳಿಯಲ್ಲಿ ಗಿರಗಿರ ಸುತ್ತುತ್ತಿರುವುದು ಕಾಣುತ್ತದೆ, ಇರುವೆ ಸಾಲು ತೊಗಟೆಯ ಬಿರುಕು ಹಿಡಿದೇ ಹತ್ತುತ್ತಿರುವುದು ಕಾಣುತ್ತದೆ. ನೀವು ಕೂತ ಜಾಗದಿಂದ ಆ ಹೊತ್ತಿಗೆ ನಿಮಗೆ ಕಂಡದ್ದು, ಆ ಸಾವಿರಾರು ಫೋಟೊಗಳಲ್ಲಿ ಇರುವುದಿಲ್ಲ.

ಎಲಿಯಟ್ ಪೋರ್ಟರ್ ಹೀಗೆ ನೋಡಿದವರು. ವೈದ್ಯಶಿಕ್ಷಣ ಪಡೆದು, ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದವರು ಅದನ್ನು ಬಿಟ್ಟು ಫೋಟೊಗ್ರಫಿಗೆ ಬಂದರು. ಬೇರೆಯವರು ಶಿಖರಗಳ ಹಿಂದೆ ಹೋದರೆ ಇವರು ಬಿದ್ದ ಎಲೆ, ಕಲ್ಲುಹೂವು, ಪೊದೆಯೊಳಗಿನ ರೆಂಬೆಗಳನ್ನು ಬಣ್ಣದಲ್ಲಿ ಹಿಡಿದರು. ಬಣ್ಣದ ಚಿತ್ರವನ್ನು ಕಲೆ ಅಂತ ಒಪ್ಪದವರು ತುಂಬ ಜನ ಇದ್ದ ಕಾಲ ಅದು. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಇಂಥ ಚಿತ್ರಗಳದ್ದೇ ಪ್ರದರ್ಶನ ಇಟ್ಟಿತು. ದೊಡ್ಡ ನೋಟ ಸಿಗದ ದಿನ ಅವರ ಚಿತ್ರಗಳನ್ನು ಹುಡುಕಿ ನೋಡಿ.

ಪ್ರಶ್ನೆ: ಯಾರಿಗೂ ಗೊತ್ತಿಲ್ಲದ ಒಂದು ಚೆಂದದ ಜಾಗ ಸಿಕ್ಕಿದೆ. ಫೋಟೊ ಜೊತೆ ಲೊಕೇಶನ್ ಹಾಕಲಾ, ಬೇಡ್ವಾ?

ಉತ್ತರ: ಫೋಟೊ ಹಾಕಿ. ಚಿತ್ರಗಳು ಜಾಗಗಳನ್ನು ಉಳಿಸಿದ್ದೂ ಇದೆ. ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ದೊಡ್ಡ ದೊಡ್ಡ ಗಾಜಿನ ಪ್ಲೇಟುಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಹೋಗಿ ಯೊಸೆಮಿಟಿಯನ್ನು ಚಿತ್ರಿಸಿದರು. 1864ರಲ್ಲಿ ಲಿಂಕನ್ ಆ ಕಣಿವೆಯನ್ನು ರಕ್ಷಿಸುವ ಕಾಯ್ದೆಗೆ ಸಹಿ ಹಾಕಿದ್ದರ ಹಿಂದೆ ಆ ಚಿತ್ರಗಳ ಪಾತ್ರವೂ ಇತ್ತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಫ್ರಾಂಕ್ಲಿನ್ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ, ಪೀಟರ್ ಡೊಂಬ್ರೊವ್‌ಸ್ಕಿಸ್ ತೆಗೆದಿದ್ದ ಮಂಜು ಮುಸುಕಿದ ನದಿಯ ಚಿತ್ರವೊಂದು 1983ರ ಚುನಾವಣೆ ಹೊತ್ತಿಗೆ ಪತ್ರಿಕೆಗಳಲ್ಲಿ ಜಾಹೀರಾತಾಗಿ ಬಂತು. ಅಣೆಕಟ್ಟು ಆಗಲಿಲ್ಲ.

ಆದರೆ ನಿಖರವಾದ ಜಾಗ ಹಾಕಬೇಡಿ. 2019ರಲ್ಲಿ ಕ್ಯಾಲಿಫೋರ್ನಿಯಾದ ವಾಕರ್ ಕಣಿವೆಯಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂವು ಅರಳಿದಾಗ ಫೋಟೊ ನೋಡಿ ಜನ ಮುಗಿಬಿದ್ದರು, ಹೂವಿನ ನಡುವೆ ಮಲಗಿ ಪೋಸ್ ಕೊಟ್ಟರು, ಗಿಡಗಳು ತುಳಿದು ಹಾಳಾದವು, ಕೊನೆಗೆ ದಾರಿಯನ್ನೇ ಕೆಲಕಾಲ ಮುಚ್ಚಬೇಕಾಯಿತು. ನಿಮ್ಮದು ಪುಟ್ಟ ಜಾಗ, ಅಂಥ ಜನ ಬಂದರೆ ತಾಳಿಕೊಳ್ಳುವುದಿಲ್ಲ. ಸುತ್ತಲಿನ ಪ್ರದೇಶದ ಹೆಸರಷ್ಟೇ ಬರೆಯಿರಿ. ಇನ್ನೊಂದು ಮಾತು: ಹೆಸರು ಬರೆಯದಿದ್ದರೂ ಫೋನ್ ಕ್ಯಾಮೆರಾ ಜಿಪಿಎಸ್ ವಿವರವನ್ನು ಫೋಟೊ ಫೈಲಿನೊಳಗೇ ಬರೆದಿಟ್ಟಿರುತ್ತದೆ. ಕೆಲವು ಆ್ಯಪ್‌ಗಳು ಅದನ್ನು ಅಳಿಸುತ್ತವೆ, ಮೂಲ ಫೈಲನ್ನೇ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಯೇ ಅಲ್ಲಿಗೆ ಹೋಗಿ.