ಮಳೆ ರಜೆಯಲ್ಲಿ ಮಕ್ಕಳಿಗೆ ಮನೆಯಲ್ಲಿ ಏನು ಮಾಡಿಸಬಹುದು?

ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿಗೆ ಬಂದು ನಿಮಗಿದು ಮೊದಲ ಮಳೆಗಾಲ, ಇರುವುದು ಫ್ಲಾಟಿನಲ್ಲಿ, ಮಕ್ಕಳಿಗೆ ಒಂಬತ್ತು ಮತ್ತು ಐದು ವರ್ಷ. ರೆಡ್ ಅಲರ್ಟ್ ಬಂದಾಗಲೆಲ್ಲ ಶಾಲೆಗೆ ರಜೆ. ಕ್ರಾಫ್ಟ್ ಕಿಟ್ ತಂದುಕೊಟ್ಟರೆ ಅರ್ಧ ಗಂಟೆಗೆ ಮುಗಿಸಿ ಮತ್ತೆ ಮೊಬೈಲ್ ಕೇಳುತ್ತಾರೆ, ಏನು ಮಾಡಿಸಲಿ ಅಂತ ಕೇಳಿದ್ದೀರಿ.

ನಾನು ಉಡುಪಿಯವಳು. ನನ್ನ ಮಕ್ಕಳೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ನಮ್ಮಲ್ಲೂ ಕಿಟ್‌ಗಳು ಬಂದು ಕಪಾಟು ಸೇರಿವೆ. ಅವುಗಳಲ್ಲಿ ನಾಳೆಗೆ ಏನೂ ಉಳಿಯುವುದಿಲ್ಲ, ಅಂಟಿಸಿದರೆ ಮುಗಿಯಿತು. ರಾತ್ರಿ ಮಲಗುವಾಗ "ಬೆಳಗ್ಗೆ ಎಷ್ಟಾಗಿರಬಹುದು ಅಮ್ಮ?" ಅಂತ ಕೇಳಿಸುವ ಕೆಲಸ ಕೊಟ್ಟು ನೋಡಿ. ನಮ್ಮ ಮನೆಯಲ್ಲಿ ಅಂಥದ್ದೇ ಉಳಿದುಕೊಂಡಿದೆ.

ದೊಡ್ಡವನಿಗೋ ದೊಡ್ಡವಳಿಗೋ ಮೊದಲು ಮಳೆ ಅಳೆಯಲು ಕಲಿಸಿ. ಎರಡು ಲೀಟರಿನ ನೇರ ಮೈಯ ಪ್ಲಾಸ್ಟಿಕ್ ಬಾಟಲಿ ಸಾಕು, ನಡುವೆ ಸೊಂಟದಂತೆ ಒಳಗೆ ಹೋಗಿರುವುದು ಬೇಡ. ಕುತ್ತಿಗೆಯ ಇಳಿಜಾರು ಮುಗಿದು ಮೈ ನೇರವಾಗುವ ಕಡೆ ಕತ್ತರಿಸಿ, ಇದನ್ನು ಮಾತ್ರ ನೀವೇ ಮಾಡಿ. ಕತ್ತರಿಸಿದ ಮೇಲ್ಭಾಗದ ಮುಚ್ಚಳ ತೆಗೆದು, ತಲೆಕೆಳಗೆ ಮಾಡಿ ಬಾಟಲಿಯೊಳಗೆ ಕೂರಿಸಿದರೆ ಅದೇ ಆಲಿಕೆ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ ಅಲ್ವಾ, ಅದಕ್ಕೆ ನಾಲ್ಕು ಹಿಡಿ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹೊಯ್ಯಿರಿ. ಗಾಳಿಗೆ ಬೀಳದ ಹಾಗೆ ಭಾರವೂ ಆಯಿತು. ಆ ನೀರಿನ ಮಟ್ಟಕ್ಕೆ ಸೊನ್ನೆ ಬರುವಂತೆ ಒಂದು ಪ್ಲಾಸ್ಟಿಕ್ ಸ್ಕೇಲನ್ನು ಹೊರಗೆ ಟೇಪು ಹಾಕಿ ಅಂಟಿಸಿ. ಪೇಪರ್ ಸ್ಕೇಲ್ ನಮ್ಮ ಮಳೆಗೆ ಒಂದು ದಿನವೂ ನಿಲ್ಲುವುದಿಲ್ಲ.

ಇಡುವ ಜಾಗ ಮುಖ್ಯ. ನಾವು ಮೊದಲ ದಿನ ಹಂಚಿನ ಮಾಡಿನ ಅಂಚಿಗೆ ಇಟ್ಟಿದ್ದೆವು. ಒಂದು ಗಂಟೆಯೊಳಗೆ ತುಂಬಿ ಹರಿಯಿತು, ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಆಮೇಲೆ ನೋಡಿದರೆ ಮಾಡಿನ ನೀರೂ ಅದಕ್ಕೇ ಬೀಳುತ್ತಿತ್ತು! ನಿಮಗೆ ಫ್ಲಾಟಿನ ತಾರಸಿಯೇ ಒಳ್ಳೆಯದು, ಗೋಡೆಯಿಂದ ದೂರ, ತೆರೆದ ಆಕಾಶದ ಕೆಳಗೆ. ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ, ಗುಡುಗು ಮಿಂಚು ಇದ್ದರೆ ಯಾರೂ ಹೋಗುವುದು ಬೇಡ.

ಹವಾಮಾನ ಇಲಾಖೆ ದಿನದ ಮಳೆಯ ಲೆಕ್ಕ ಹಾಕುವುದು ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನಿಮ್ಮ ಮಕ್ಕಳೂ ಅದೇ ಹೊತ್ತಿಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯಲಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಆದರೆ ಅದು ಭಾರಿ ಮಳೆ. 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕಿಂತಲೂ ಮೇಲಿನದು. ಹೀಗೆ ಮೂರು ಬಣ್ಣದ ಗೆರೆ ಎಳೆದುಕೊಟ್ಟರೆ ಸಾಕು, ಆಮೇಲೆ ಮಕ್ಕಳೇ "ಇವತ್ತು ಕೇಸರಿ ದಾಟಿತು" ಅಂತ ಓಡಿ ಬರುತ್ತಾರೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಗೆ 100 ಮಿಲಿಮೀಟರ್ ಬಿದ್ದರೆ 10,000 ಲೀಟರ್. ಸಾವಿರ ಲೀಟರಿನ ಹತ್ತು ಟ್ಯಾಂಕ್! ಮಗಳು ಈ ಲೆಕ್ಕ ಮಾಡಿದ ದಿನ ಅಷ್ಟೂ ನೀರು ಎಲ್ಲಿಗೆ ಹೋಯಿತು ಅಂತ ಪೈಪಿನ ಹಿಂದೆಯೇ ಗೇಟಿನವರೆಗೆ ನಡೆದಳು.

ಬಾಟಲಿಯ ನೀರನ್ನು ದಿನಾ ಪೂರ್ತಿ ಚೆಲ್ಲಿ ಹೊಸ ನೀರು ಹಾಕಿ. ಸೊಳ್ಳೆ ಮರಿ ಆಗಬಾರದು, ಇಲ್ಲಿ ಡೆಂಗಿ, ಮಲೇರಿಯಾ ಎರಡೂ ಇವೆ.

ಎರಡನೆಯದು ಅಡುಗೆಮನೆಯದ್ದು, ಕೊಟ್ಟೆ ಕಡುಬು. ಹಲಸಿನ ಎಲೆಯ ಕೊಟ್ಟೆಯಲ್ಲಿ, ಅಂದರೆ ಎಲೆ ಸೇರಿಸಿ ಮಾಡಿದ ಬಟ್ಟಲಿನಲ್ಲಿ, ಇಡ್ಲಿ ಹಿಟ್ಟಿನಂಥದ್ದೇ ಹಿಟ್ಟು ಹೊಯ್ದು ಬೇಯಿಸುವುದು. ಒಂದು ಲೋಟ ಉದ್ದು, ಎರಡು ಲೋಟ ಅಕ್ಕಿ ತರಿ. ಉದ್ದು ನೆನೆಸಿ ನುಣ್ಣಗೆ ರುಬ್ಬಿ, ತೊಳೆದ ತರಿ ಮತ್ತು ಉಪ್ಪು ಸೇರಿಸಿ ಇಡಿ. ಆಗ ಒಂದು ಗಾಜಿನ ಲೋಟಕ್ಕೆ ಅರ್ಧದವರೆಗೆ ಹಿಟ್ಟು ಹಾಕಿ ಚಿಕ್ಕವರ ಕೈಗೆ ಕೊಡಿ. ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಲಿ. ಬೆಳಗ್ಗೆ ಹಿಟ್ಟು ಬ್ಯಾಂಡಿನಿಂದ ಎಷ್ಟು ಮೇಲೆ ಬಂದಿದೆ ನೋಡುವುದು. ಗಾಜಿನ ಬದಿಯಲ್ಲಿ ಗುಳ್ಳೆಗಳು ಒಂದೊಂದಾಗಿ ಕಾಣುತ್ತವೆ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಬಿಟ್ಟ ಗಾಳಿ ಅದು. ಮಳೆಗಾಲದ ತಂಪಿಗೆ ಹುಳಿ ಬರುವುದು ನಿಧಾನ. ಒಂದು ಲೋಟ ಫ್ರಿಜ್ಜಿನಲ್ಲಿ, ಒಂದು ಹೊರಗೆ ಇಟ್ಟರೆ ಕಾರಣವನ್ನು ಮಕ್ಕಳೇ ಹೇಳುತ್ತಾರೆ.

ಕೊಟ್ಟೆ ಕಟ್ಟುವುದು ಕೈಗೆ ಒಳ್ಳೆಯ ಕೆಲಸ. ದೊಡ್ಡ, ಹದವಾಗಿ ಬಲಿತ ನಾಲ್ಕು ಎಲೆ ಬೇಕು. ತೊಳೆದು ಒರೆಸಿ, ಕೂಡಿಸುವ ಚಿಹ್ನೆಯಂತೆ ಇಟ್ಟು, ನಡುವೆ ಒಂದರ ಮೇಲೊಂದು ಬಂದ ಕಡೆ ತೆಂಗಿನ ಕಡ್ಡಿಯ ಚೂರು ಚುಚ್ಚಿ ಸೇರಿಸಬೇಕು. ಆಮೇಲೆ ಪಕ್ಕಪಕ್ಕದ ಎಲೆಗಳನ್ನು ಮೇಲೆತ್ತಿ ಅಂಚಿಗೆ ಅಂಚು ಕೂಡಿಸಿ ಮತ್ತೆ ಕಡ್ಡಿ. ಮೊದಲ ಎರಡು ಮೂರು ಸೋರುತ್ತವೆ. ನನ್ನ ಮಗ ಒಂದೊಂದಕ್ಕೂ ನೀರು ಹೊಯ್ದು ಪರೀಕ್ಷೆ ಮಾಡುತ್ತಾನೆ, ಸೋರಿದ್ದನ್ನು ಅತ್ತೆಯ ಬಳಿ ಒಯ್ದು "ಅಜ್ಜಿ, ಇನ್ನೊಂದು ಕಡ್ಡಿ ಎಲ್ಲಿಗೆ?" ಅಂತ ಕೇಳುತ್ತಾನೆ. ಒಲೆ, ಹಬೆ ನಿಮ್ಮದೇ ಕೆಲಸ. ಅರ್ಧ ಗಂಟೆ ಬೆಂದರೆ ಮನೆ ತುಂಬಾ ಎಲೆಯ ಘಮ ಬರುತ್ತದೆ. ತಾನು ಕಟ್ಟಿದ ಕೊಟ್ಟೆಯ ಕಡುಬನ್ನು ಮಗ ಯಾರಿಗೂ ಕೊಡುವುದಿಲ್ಲ.

ಚೆನ್ನೆಮಣೆಯೂ ಹೇಳಲೇಬೇಕು, ಆಟಿ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಗೆ ತುಳುನಾಡಿನವರು ಗುಳಿಗಳಿರುವ ಮರದ ಮಣೆಯಲ್ಲಿ ಬೀಜ ಹಾಕಿ ಆಡುತ್ತಿದ್ದ ಆಟ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು, ಸಾಲಿಗೆ ಏಳು ವೃತ್ತ ಬರೆಯಿರಿ. ಒಂದೊಂದರಲ್ಲೂ ನಾಲ್ಕು ಹುಣಸೆ ಬೀಜ, ಒಟ್ಟು 56. ಒಂದು ಮನೆಯ ಬೀಜ ಎತ್ತಿ ಮುಂದಿನ ಮನೆಗಳಿಗೆ ಒಂದೊಂದು ಹಾಕುತ್ತಾ ಹೋಗುವುದು. ಕೈ ಖಾಲಿಯಾದಾಗ ಮುಂದಿನ ಮನೆಯದನ್ನು ಎತ್ತಿ ಮುಂದುವರಿಸುವುದು. ಮುಂದಿನ ಮನೆ ಖಾಲಿ ಇದ್ದರೆ ಅದರ ಆಚೆಯದು ನಿಮ್ಮ ಪಾಲು. ಬೇರೆ ಬೇರೆ ಕ್ರಮಗಳಿವೆ, ನಾವು ಆಡುವುದು ಇದು. ಗುಲಗಂಜಿ ಮಾತ್ರ ಬಳಸಬೇಡಿ, ಅದು ವಿಷ. ಐದು ವರ್ಷದವರು ಬೀಜ ಬಾಯಿಗೆ, ಮೂಗಿಗೆ ಹಾಕದ ಹಾಗೆ ಜೊತೆಗೆ ಕೂತುಕೊಳ್ಳಿ.

ಹಲಸಿನ ಎಲೆ ಎಲ್ಲಿಂದ ಅಂತ ಯೋಚನೆ ಬೇಡ. ಅಕ್ಕಪಕ್ಕದ ಹಿತ್ತಲಿನವರನ್ನು ಕೇಳಿ, ಬೇಡ ಅನ್ನುವುದಿಲ್ಲ. ಅಷ್ಟಮಿ, ಚೌತಿ ಹತ್ತಿರ ಬಂದಾಗ ಮಾರ್ಕೆಟಿನಲ್ಲಿ ಕಟ್ಟಿದ ಕೊಟ್ಟೆಯೇ ಸಿಗುತ್ತದೆ. ಒಂದನ್ನು ತಂದು ಮಕ್ಕಳ ಕೈಯಲ್ಲೇ ಬಿಚ್ಚಿಸಿ ನೋಡಿ, ಕಡ್ಡಿ ಎಲ್ಲೆಲ್ಲಿ ಹೋಗಿದೆ ಅಂತ ನಾನು ಬರೆದದ್ದಕ್ಕಿಂತ ಬೇಗ ಗೊತ್ತಾಗುತ್ತದೆ.