ವೋಗೆಲ್ ಸಾಲಕ್ಕೆ ಲಂಡನ್ ಜಾಮೀನು ನಿಂತಿತ್ತೇ?

1870ರ ದಶಕದಲ್ಲಿ ಬ್ರಿಟಿಷ್ ವಸಾಹತಾಗಿದ್ದ ನ್ಯೂಜಿಲೆಂಡ್ ಎತ್ತಿದ ಸಾಲಕ್ಕೆ ಬ್ರಿಟಿಷ್ ಸರ್ಕಾರವೇ ಹೊಣೆಯಾಗಿತ್ತೇ ಎಂದು ಕೇಳಿದ್ದೀರಿ. ಬಹುಪಾಲು ಇಲ್ಲ.

ವಸಾಹತಿನ ಖಜಾಂಚಿ, ಅಂದರೆ ಹಣಕಾಸು ಮಂತ್ರಿ, ಜೂಲಿಯಸ್ ವೋಗೆಲ್ 1870ರಲ್ಲಿ ಮುಂದಿಟ್ಟ ಯೋಜನೆ ಹತ್ತು ವರ್ಷಗಳಲ್ಲಿ 1 ಕೋಟಿ ಪೌಂಡ್ ಸಾಲ ತಂದು ರೈಲು, ರಸ್ತೆ ಹಾಕುವುದು, ವಲಸಿಗರನ್ನು ಕರೆತರುವುದು. ಬ್ರಿಟಿಷ್ ಸರ್ಕಾರ ಜಾಮೀನು ನಿಂತದ್ದು ಆ ಹೊತ್ತಿನಲ್ಲಿ 10 ಲಕ್ಷ ಪೌಂಡ್‌ಗೆ ಮಾತ್ರ. ಉಳಿದದ್ದನ್ನು ವಸಾಹತು ತನ್ನ ಹೆಸರಿನ ಮೇಲೆಯೇ ಎತ್ತಬೇಕಾಯಿತು. ಬ್ರಿಟಿಷ್ ಸಂಸತ್ತಿನ 1877ರ ವಸಾಹತು ಸಾಲಪತ್ರ ಕಾಯಿದೆಯಂತೂ ಇದನ್ನು ಬಿಡಿಸಿ ಹೇಳಿತು: ಹೊಣೆ ಆ ವಸಾಹತಿನ ಆದಾಯದ್ದೇ, ಬ್ರಿಟನ್ನಿನ ಖಜಾನೆಯದಲ್ಲ ಎಂದು ಸಾಲಪತ್ರದ ಪ್ರಕಟಣೆಯಲ್ಲೇ ಅಚ್ಚು ಹಾಕಬೇಕಿತ್ತು. ಆದರೂ ಲಂಡನ್ನಿನ ಹೂಡಿಕೆದಾರರು ಕೊಂಡರು. ಬ್ರಿಟಿಷ್ ಧ್ವಜದಡಿಯ ಸರ್ಕಾರ ಕೈ ಎತ್ತುವುದಿಲ್ಲವೆಂಬ ನಂಬಿಕೆ ಅವರದು; ಬರೆದುಕೊಡದ ಜಾಮೀನು ಎನ್ನಿ.

ಹಣ ಪೋಲಾಯಿತೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಅರ್ಧ ಮಾತ್ರ ಹೌದೆನ್ನುತ್ತೇನೆ. 1880ರ ಹೊತ್ತಿಗೆ ಸಾವಿರ ಮೈಲಿಗೂ ಮೀರಿ ರೈಲುಹಾದಿ ಬಂದಿತ್ತು. ಎಡವಟ್ಟಾದದ್ದು ಬೇರೆ ಕಡೆ. ರೈಲುಹಾದಿಯ ಪಕ್ಕದ ಜಮೀನನ್ನು ಕಾದಿರಿಸಿ, ಅದರ ಬೆಲೆಯೇರಿಕೆಯಿಂದ ಸಾಲ ತೀರಿಸುವುದು ವೋಗೆಲ್‌ನ ಲೆಕ್ಕ. ಪ್ರಾಂತ್ಯಗಳು ಒಪ್ಪಲಿಲ್ಲ. ಏರಿದ ಬೆಲೆಯ ಲಾಭ ಭೂಮಾಲೀಕರ ಜೇಬು ಸೇರಿತು, ಬಡ್ಡಿ ಮಾತ್ರ ಸರ್ಕಾರದ ಪಾಲಿಗೆ ಉಳಿಯಿತು. 1878ರಲ್ಲಿ ಸ್ಕಾಟ್ಲೆಂಡ್‌ನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿ, ಸಾಲ ಸಿಗುವುದು ಬಿಗಿಯಾಯಿತು. ಉಣ್ಣೆಯ ಬೆಲೆಯೂ ಕುಸಿದು 1880ರ ದಶಕದುದ್ದಕ್ಕೂ ಆ ಬಡ್ಡಿ ಹಿಂಡಿತು.